ಅಣ್ಣ ಬರೆದಿಟ್ಟು ಹೋದದ್ದು

ಸಾವಿನ ಮನೆಯಲ್ಲಿ ಎಷ್ಟು ಕೆಲಸ ಇರುತ್ತದೆ ಎಂಬುದನ್ನು ಸಿನಿಮಾಗಳು ತೋರಿಸುವುದು ಕಡಿಮೆ. ಅಳು ತೋರಿಸುತ್ತಾರೆ, ಚಿತೆ ತೋರಿಸುತ್ತಾರೆ, ಮುಂದಿನ ದೃಶ್ಯದಲ್ಲಿ ಗೋಡೆಯ ಫೋಟೊಗೆ ಹಾರ ಬಿದ್ದಿರುತ್ತದೆ. ನಡುವಿನದ್ದೆಲ್ಲ ಮಾಯ. ಮೊದಲು ಯಾರಿಗೆ ಫೋನ್ ಮಾಡುವುದು, ಎಲ್ಲೋ ಆಡುತ್ತಿರುವ ಮಗನಿಗೆ ಯಾರು ಹೋಗಿ ಹೇಳುವುದು, ಎಲ್ಲೆಲ್ಲಿ ಸಹಿ ಹಾಕುವುದು, ಹೆಣವನ್ನು ಎಲ್ಲಿಡುವುದು. ‘ಮ್ಯಾಂಚೆಸ್ಟರ್ ಬೈ ದ ಸೀ’ ನನ್ನನ್ನು ಮೊದಲು ಹಿಡಿದು ಕೂರಿಸಿದ್ದು ಈ ನಡುವಿನದ್ದನ್ನು ಬಿಡದೆ ತೋರಿಸಿದ್ದರಿಂದ. ಕೆನೆತ್ ಲೊನರ್ಗನ್ ಬರೆದು ನಿರ್ದೇಶಿಸಿದ 2016ರ ಚಿತ್ರ ಇದು. ಮರುವರ್ಷ ಇದಕ್ಕೆ ಎರಡು ಆಸ್ಕರ್ ಬಂದವು: ಒಂದು ಚಿತ್ರಕತೆಗೆ, ಇನ್ನೊಂದು ಲೀ ಪಾತ್ರ ಮಾಡಿದ ಕೇಸಿ ಅಫ್ಲೆಕ್‌ಗೆ. ಕತೆಯನ್ನು ಪೂರ್ತಿ ಹೇಳದೆ ಇದರ ಬಗ್ಗೆ ಮಾತಾಡಲು ನನಗೆ ಆಗುವುದಿಲ್ಲ. ಇನ್ನೂ ನೋಡದವರು ನೋಡಿ ಬಂದು ಇದನ್ನು ಓದಿದರೂ ಆದೀತು.

ಲೀ ಚಾಂಡ್ಲರ್ ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿ ಅಪಾರ್ಟ್‌ಮೆಂಟುಗಳ ರಿಪೇರಿ ಕೆಲಸದವನು. ಕಟ್ಟಿಕೊಂಡ ಕಕ್ಕಸು ಬಿಡಿಸುತ್ತಾನೆ, ಸೋರುವ ಪೈಪು ನೋಡುತ್ತಾನೆ, ಬಾಗಿಲ ಮುಂದೆ ಬಿದ್ದ ಹಿಮ ಎತ್ತಿಹಾಕುತ್ತಾನೆ. ಒಂದೇ ಕೋಣೆಯಲ್ಲಿ ಒಬ್ಬನೇ ವಾಸ. ಯಾರ ಜೊತೆಗೂ ಮಾತಿಲ್ಲ, ಕುಡಿದ ದಿನ ಬಾರಿನಲ್ಲಿ ಹೊಡೆದಾಟ. ಹೀಗಿರುವಾಗ ಫೋನ್ ಬರುತ್ತದೆ. ಅಣ್ಣ ಜೋನ ಹೃದಯ ಬಹಳ ವರ್ಷಗಳಿಂದ ಸೋತಿತ್ತು, ಈಗ ನಿಂತಿದೆ. ಲೀ ಊರು ತಲುಪುವಷ್ಟರಲ್ಲಿ ಎಲ್ಲ ಮುಗಿದಿದೆ. ಜೋನ ಮಗ ಪ್ಯಾಟ್ರಿಕ್‌ಗೆ 16 ವರ್ಷ. ತಾಯಿ ಕುಡಿತಕ್ಕೆ ಬಿದ್ದು ಎಂದೋ ಮನೆ ಬಿಟ್ಟು ಹೋದವಳು. ಹುಡುಗ ಐಸ್ ಹಾಕಿ ಆಡುತ್ತಿರುವಲ್ಲಿಗೇ ಹೋಗಿ ಚಿಕ್ಕಪ್ಪ ಸುದ್ದಿ ಹೇಳಬೇಕು.

ಆಮೇಲೆ ವಕೀಲರ ಕಚೇರಿ. ಇಡೀ ಸಿನಿಮಾ ನಿಂತಿರುವುದು ಈ ದೃಶ್ಯದ ಮೇಲೆ ಎಂದು ನನಗನ್ನಿಸುತ್ತದೆ. ಜೋ ಉಯಿಲು ಬರೆದಿದ್ದಾನೆ. ಮಗ ದೊಡ್ಡವನಾಗುವ ತನಕ ಅವನ ಪೋಷಕ ತಮ್ಮ ಲೀ. ಹುಡುಗನ ಖರ್ಚಿಗೆ, ಲೀ ಈ ಊರಿಗೆ ಸಾಮಾನು ಸಾಗಿಸುವ ಖರ್ಚಿಗೆ ಕೂಡ ದುಡ್ಡು ಎತ್ತಿಟ್ಟಿದ್ದಾನೆ. ಲೀಗೆ ಇದ್ಯಾವುದೂ ಗೊತ್ತಿಲ್ಲ. ಅಣ್ಣ ಬಾಯಿಬಿಟ್ಟು ಹೇಳಿರಲಿಲ್ಲ. ಅವನು ಆ ಕುರ್ಚಿಯಲ್ಲಿ ಕೂತಿರುವಾಗಲೇ ನಿರ್ದೇಶಕರು ನಮ್ಮನ್ನು ಹಿಂದಕ್ಕೆ ಕರೆದೊಯ್ದು ಆ ರಾತ್ರಿಯನ್ನು ತೋರಿಸುತ್ತಾರೆ. ಸ್ನೇಹಿತರನ್ನು ಕೂಡಿಸಿಕೊಂಡು ಕುಡಿದ ಲೀ ಚಳಿಗೆಂದು ಒಲೆಗೂಡಿಗೆ ಸೌದೆ ಹಾಕಿ, ಅದರ ಮುಂದಿನ ಜಾಲರಿ ಮುಚ್ಚಿದೆನೋ ಇಲ್ಲವೋ ಎಂದು ದಾರಿಯಲ್ಲಿ ಅನುಮಾನಪಡುತ್ತಲೇ ಅಂಗಡಿಗೆ ನಡೆದು ಹೋಗುತ್ತಾನೆ. ವಾಪಸ್ ಬಂದಾಗ ಮನೆ ಉರಿಯುತ್ತಿದೆ. ಹೆಂಡತಿ ಉಳಿಯುತ್ತಾಳೆ. ಮೂರು ಮಕ್ಕಳೂ ಹೋಗುತ್ತವೆ.

ತನ್ನ ಮೂರು ಮಕ್ಕಳನ್ನು ಕಾಯಲಾಗದವನು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡವನ ಕೈಗೆ ಅಣ್ಣ ತನ್ನ ಒಬ್ಬನೇ ಮಗನನ್ನು ಬರೆದುಕೊಟ್ಟಿದ್ದಾನೆ. ಲೀಗೆ ಏನಾಗಿದೆ ಎಂಬುದು ಜೋಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇಲ್ಲ. ಗೊತ್ತಿದ್ದೂ ಬರೆದ.

ಆ ದೃಶ್ಯದಲ್ಲಿ ನಾನು ಸಿನಿಮಾ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ. ನಮ್ಮಪ್ಪನೂ ಕಾಗದದಲ್ಲೇ ಪ್ರೀತಿ ಇಟ್ಟವರು.

ಸಕಲೇಶಪುರದ ಕಡೆ ನಮ್ಮದು ಸಣ್ಣ ತೋಟ. ರೊಬಸ್ಟಾ ಕಾಫಿ, ನಡುನಡುವೆ ಮೆಣಸಿನ ಬಳ್ಳಿ, ಹಳ್ಳದ ಅಂಚಿಗೆ ಒಂದಿಷ್ಟು ಏಲಕ್ಕಿ. ಅಜ್ಜ ತೀರಿದ ಮೇಲೆ ಪಹಣಿಯಲ್ಲಿ ಮಾಲೀಕರ ಹೆಸರು ಬರುವ 9ನೇ ಕಾಲಂನಲ್ಲಿ ಅಪ್ಪನ ಹೆಸರು, ಚಿಕ್ಕಪ್ಪನ ಹೆಸರು ಜಂಟಿಯಾಗಿ ಬಂದವು. ನಮ್ಮ ಕಡೆ ಇದು ಹೆಚ್ಚು ದಿನ ಹೀಗೇ ಇರುವುದಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಬೇಲಿಯ ಒಂದು ಸಿಲ್ವರ್ ಮರಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆದು ಅಲೆದು ಮುದುಕರಾದದ್ದನ್ನು ನಮ್ಮೂರಲ್ಲೇ ಕಂಡಿದ್ದೇನೆ.

ಚಿಕ್ಕಪ್ಪನಿಗೆ ಒಬ್ಬ ಮಗನಿದ್ದ. ಒಂದು ಬೇಸಿಗೆ, ಕಾಫಿ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟು ಎಲ್ಲರೂ ಸ್ಪ್ರಿಂಕ್ಲರ್ ಹಚ್ಚಿದ್ದ ದಿನಗಳಲ್ಲಿ, ಹುಡುಗ ಚಿಕ್ಕಪ್ಪನ ಜೊತೆ ತೋಟದ ಕೆರೆ ಹತ್ತಿರ ಹೋದ. ಚಿಕ್ಕಪ್ಪ ಮೋಟಾರು ನಿಲ್ಲಿಸಿ ಪೈಪು ಬದಲಾಯಿಸಲು ಮೇಲಿನ ಪಟ್ಟೆಗೆ ಹೋದರು. ಇಳಿದು ಬಂದಾಗ ದಡದಲ್ಲಿ ಹುಡುಗನ ಚಪ್ಪಲಿ ಮಾತ್ರ ಇತ್ತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಸಿನಿಮಾದಲ್ಲಿ ಪೊಲೀಸರು ಲೀಯ ಹೇಳಿಕೆ ತೆಗೆದುಕೊಂಡು, ಇದು ತಪ್ಪು, ಆದರೆ ಅಪರಾಧವಲ್ಲ, ಹೋಗಬಹುದು ಎನ್ನುತ್ತಾರೆ. ಹಾಗಾದರೆ ನಾನು ಹೋಗಬಹುದಾ ಎಂದು ಅವನು ನಂಬಲಾರದೆ ಕೇಳುತ್ತಾನೆ. ಶಿಕ್ಷೆ ಸಿಕ್ಕಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಸಿಗಲಿಲ್ಲ ಎಂಬುದನ್ನು ತಡೆಯಲಾಗದೆ ಹೊರಬರುತ್ತ ಪೊಲೀಸನೊಬ್ಬನ ಪಿಸ್ತೂಲಿಗೆ ಕೈಹಾಕುತ್ತಾನೆ. ನಮ್ಮ ಚಿಕ್ಕಪ್ಪ ಅಂದು ರಾತ್ರಿ ಅಂಗಳದಲ್ಲಿ ಅಪ್ಪನ ಕೈ ಹಿಡಿದು ತಮ್ಮ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದರು. “ಹೊಡಿಯಣ್ಣ. ಒಂದಾದ್ರೂ ಹೊಡಿ.” ಅಪ್ಪ ಹೊಡೆಯಲಿಲ್ಲ. ತಮ್ಮನನ್ನು ಬಾಚಿ ತಬ್ಬಿಕೊಂಡು ಹಾಗೇ ನಿಂತರು. ಯಾರೂ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚಿಕ್ಕಪ್ಪ ಊರಲ್ಲೇ ಉಳಿಯುತ್ತಿದ್ದರೇನೋ ಎಂದು ಅಮ್ಮ ಈಗಲೂ ಹೇಳುತ್ತಾರೆ.

ಅವರು ಹಾಸನಕ್ಕೆ ಹೋಗಿ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ, ಅಂದರೆ ಕಾಫಿ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ಕೆಲಸಕ್ಕೆ ಸೇರಿದರು. ಚಿಕ್ಕಮ್ಮ ತವರಿಗೆ ಹೋದವರು ಅಲ್ಲೇ ಉಳಿದರು. ತೋಟದ ಮಾಲೀಕ ಬೇರೆಯವರ ತೋಟದ ಕಾಫಿ ಮೂಟೆ ಎಣಿಸಿಕೊಂಡು ಬಾಡಿಗೆ ಕೋಣೆಯಲ್ಲಿ ಬದುಕುತ್ತಾನೆ ಎಂದು ನೆಂಟರು ಆಡಿಕೊಂಡರು. ಬುದ್ಧಿ ಹೇಳಿದರು. ಇನ್ನೊಂದು ಮದುವೆಯಾಗು, ಇನ್ನೊಂದು ಮಗುವಾದರೆ ಎಲ್ಲ ಸರಿಹೋಗುತ್ತೆ, ಮರೆತುಬಿಡು, ಕಾಲವೇ ಮದ್ದು. ಈ ಮಾತುಗಳ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಹೇಳುವವರು ಹೇಳಿ ಬಸ್ಸು ಹತ್ತುತ್ತಾರೆ. ಕೇಳಿದವನು ರಾತ್ರಿ ಕಳೆಯಬೇಕು.

ಅಪ್ಪ ಬುದ್ಧಿ ಹೇಳಲಿಲ್ಲ. ಅಪ್ಪ ಮಾಡಿದ್ದು ಬೇರೆ. ಜಂಟಿ ಖಾತೆ ಇದ್ದರೆ ಬ್ಯಾಂಕಿನ ಬೆಳೆ ಸಾಲಕ್ಕೆ ಇಬ್ಬರ ಸಹಿಯೂ ಬೇಕು. ಪ್ರತಿ ಸಲ ಸಾಲ ನವೀಕರಿಸುವಾಗ ಅಪ್ಪ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಮ್ಮ ಕಟ್ಟಿಕೊಟ್ಟ ಅಕ್ಕಿರೊಟ್ಟಿ, ಬಿದಿರು ಕಳಲೆ ಉಪ್ಪಿನಕಾಯಿ, ಮನೆ ಕಾಫಿಪುಡಿ ಚೀಲಕ್ಕೆ ಹಾಕಿಕೊಂಡು ಹಾಸನದ ಬಸ್ಸು ಹತ್ತುತ್ತಿದ್ದರು. ಬ್ಯಾಂಕಿನವರೂ ಹೇಳಿದರು, ಊರಿನವರೂ ಹೇಳಿದರು: ತಮ್ಮನ ಕೈಲಿ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳಿ, ಅವರಂತೂ ಬರಲ್ಲ, ನಿಮಗೆ ಓಡಾಟ ತಪ್ಪುತ್ತೆ. ಚಿಕ್ಕಪ್ಪನೂ ಹೇಳಿದರು, “ಬರ್ಕೊಡ್ತೀನಿ ಕಣಣ್ಣ, ನಂಗ್ಯಾಕೆ ಅದು.” ಅಪ್ಪನದು ಒಂದೇ ಉತ್ತರ. “ಸಹಿ ಹಾಕಕ್ಕೆ ಬರ್ತೀನಲ್ಲ, ಅಷ್ಟು ಸಾಕು ಬಿಡು.”

ಸಿನಿಮಾದಲ್ಲಿ ಇದಕ್ಕೆ ಸರಿಸಮನಾದ ದೃಶ್ಯ ಒಂದಿದೆ. ಮಕ್ಕಳು ಸತ್ತ ಮೇಲೆ ಊರು ಬಿಟ್ಟ ತಮ್ಮನ ಕೋಣೆಗೆ ಜೋ ಮಗನನ್ನು ಕರೆದುಕೊಂಡು ಬರುತ್ತಾನೆ. ಕೋಣೆಯಲ್ಲಿ ಸಾಮಾನೇ ಇಲ್ಲ. ಇಷ್ಟು ಸಾಕು ಎನ್ನುತ್ತಾನೆ ಲೀ. ಸಾಲದು ಎಂದು ಅಣ್ಣ ಹಠ ಹಿಡಿಯುತ್ತಾನೆ. ದುಃಖದ ಬಗ್ಗೆ ಇಬ್ಬರೂ ಒಂದು ಮಾತೂ ಆಡುವುದಿಲ್ಲ, ಜಗಳವೆಲ್ಲ ಕುರ್ಚಿ, ಮೇಜಿನ ಬಗ್ಗೆ. ಅಣ್ಣತಮ್ಮಂದಿರು ಮಾತಾಡುವುದೇ ಹೀಗೆ. ಅಪ್ಪ ಚಿಕ್ಕಪ್ಪ ಕೂತರೆ ಕಾಫಿ ರೇಟು, ಕಾಯಿಕೊರಕ ಹುಳ, ಈ ವರ್ಷ ಆಳು ಸಿಗದ ಕಷ್ಟ, ಆನೆ ಯಾರ ತೋಟಕ್ಕೆ ಇಳಿದಿದೆ ಎಂಬುದು. ಹುಡುಗನ ಹೆಸರು ಇಬ್ಬರ ಬಾಯಲ್ಲೂ ಬರುತ್ತಿರಲಿಲ್ಲ.

ಅಣ್ಣತಮ್ಮಂದಿರ ಕತೆ ಎಂದರೆ ಹಾಸನ ಜಿಲ್ಲೆಯವರು ಶ್ರವಣಬೆಳಗೊಳದ ಬೆಟ್ಟವನ್ನು ಬಿಟ್ಟು ಮಾತಾಡುವುದು ಹೇಗೆ? ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಮಾಡಿಸಿದ 58 ಅಡಿಯ ಗೊಮ್ಮಟನನ್ನು ಶಾಲೆಯ ಪ್ರವಾಸದಲ್ಲಿ ಬರಿಗಾಲಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಎಲ್ಲರೂ ನೋಡಿದವರೇ. ರಾಜ್ಯಕ್ಕಾಗಿ ಅಣ್ಣ ಭರತ, ತಮ್ಮ ಬಾಹುಬಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದರು, ಮೂರರಲ್ಲೂ ತಮ್ಮ ಗೆದ್ದ, ಗೆದ್ದ ಮೇಲೆ ಎಲ್ಲ ಬಿಟ್ಟು ತಪಸ್ಸಿಗೆ ನಿಂತ. ಇಷ್ಟು ಎಲ್ಲರಿಗೂ ಗೊತ್ತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆಮೇಲಿನದ್ದು. ಒಂದು ವರ್ಷ ಅನ್ನ ನೀರಿಲ್ಲದೆ ನಿಂತ. ಕಾಲಬುಡದಲ್ಲಿ ಹುತ್ತ ಬೆಳೆಯಿತು, ತೊಡೆಗೆ ತೋಳಿಗೆ ಬಳ್ಳಿ ಹಬ್ಬಿತು. ಆದರೂ ಜ್ಞಾನ ಬರಲಿಲ್ಲ. ಒಳಗೊಂದು ಮುಳ್ಳು ಉಳಿದಿತ್ತು. ಅದೇನೆಂದು ಎರಡು ರೀತಿ ಹೇಳುತ್ತಾರೆ. ನಾನು ನಿಂತಿರುವ ನೆಲ ಅಣ್ಣನದಲ್ಲವೇ ಎಂಬ ಕೊರಗು ಎಂದು ಕೆಲವರು. ನನ್ನಿಂದ ಅಣ್ಣನಿಗೆ ನೋವಾಯಿತಲ್ಲ ಎಂಬ ಸಂಕಟ ಎಂದು ಕೆಲವರು. ಕೊನೆಗೆ ಭರತನೇ ಬಂದು ತಮ್ಮನ ಪಾದಕ್ಕೆ ಬಾಗಿದ. ಆಗ ಮುಳ್ಳು ಹೋಯಿತು.

ಹಸಿವೆ, ನಿದ್ದೆ, ಬಿಸಿಲು, ಮಳೆ ಗೆದ್ದವನಿಗೂ ಆ ಒಂದು ಮುಳ್ಳನ್ನು ತಾನೇ ಕಿತ್ತುಕೊಳ್ಳಲು ಆಗಲಿಲ್ಲ, ಅದಕ್ಕೆ ಅಣ್ಣನೇ ನಡೆದು ಬರಬೇಕಾಯಿತು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಬಾಹುಬಲಿಗಿಂತ ಭರತ ಹತ್ತಿರದವನಾಗುತ್ತಾನೆ. ಎದುರಿನ ಚಿಕ್ಕಬೆಟ್ಟದ ಮೇಲೆ ಅವನದೂ ಒಂದು ವಿಗ್ರಹ ಇದೆ, ಕೆಳಭಾಗ ಪೂರ್ಣವಾಗಿಲ್ಲ. ದೊಡ್ಡಬೆಟ್ಟ ಹತ್ತಿದವರಲ್ಲಿ ಎಷ್ಟೋ ಜನ ಆ ಕಡೆ ಹೋಗುವುದೇ ಇಲ್ಲ. ಹೋಗಬೇಕು.

ಆದರೆ ಭರತನಿಗೆ ಫಲ ಸಿಕ್ಕಿತು. ಅವನು ಬಾಗಿದ, ತಮ್ಮ ಬಿಡುಗಡೆಯಾದ. ಜೋಗೆ ಹಾಗೆ ಸಿಗಲಿಲ್ಲ, ಅಪ್ಪನಿಗೂ ಸಿಗಲಿಲ್ಲ. ಎಷ್ಟು ಸಲ ಹೋದರೂ ತಮ್ಮನ ಒಳಗಿನದ್ದು ಹಾಗೇ ಇತ್ತು. ಸಹಿ ಹಾಕಿಸಿಕೊಂಡು ರೊಟ್ಟಿ ಡಬ್ಬಿ ಖಾಲಿ ಮಾಡಿಸಿ ಅಪ್ಪ ವಾಪಸ್ ಬರುತ್ತಿದ್ದರು. “ಹೆಂಗಿದಾನೆ?” ಎಂದು ಅಮ್ಮ ಕೇಳಿದರೆ, “ಅದೇ ಥರ,” ಎನ್ನುತ್ತಿದ್ದರು. ಮುಂದಿನ ಸಲ ಮತ್ತೆ ಹೊರಡುತ್ತಿದ್ದರು. ಪುರಾಣದಲ್ಲಿ ಜಾಗ ಸಿಗದ ಈ ಅಣ್ಣಂದಿರ ಕತೆಯನ್ನು ಹೇಳಿದ್ದಕ್ಕೇ ಈ ಸಿನಿಮಾ ನನಗೆ ದೊಡ್ಡದು.

ಅಪ್ಪ ಹೋದದ್ದು ಆಷಾಢದ ಮಳೆಯಲ್ಲಿ. ಸಿನಿಮಾದ ಊರಲ್ಲಿ ಚಳಿಗೆ ನೆಲ ಕಲ್ಲಾಗಿ ಗುಂಡಿ ತೋಡಲಾಗದೆ ಜೋನ ಹೆಣ ವಸಂತ ಬರುವ ತನಕ ಕಾಯಬೇಕಾಗುತ್ತದೆ. ಅಪ್ಪ ಮಂಜುಪೆಟ್ಟಿಗೆಯಲ್ಲಿದ್ದಾನೆ ಎಂಬುದನ್ನು ಅಲ್ಲಿಯವರೆಗೂ ಗಟ್ಟಿಯಾಗಿದ್ದ ಪ್ಯಾಟ್ರಿಕ್ ತಡೆದುಕೊಂಡಿರುತ್ತಾನೆ, ಒಂದು ರಾತ್ರಿ ಫ್ರೀಜರ್ ಬಾಗಿಲು ತೆಗೆದಾಗ ಹೆಪ್ಪುಗಟ್ಟಿದ ಕೋಳಿ ಮಾಂಸ ಕೆಳಗೆ ಬೀಳುತ್ತದೆ, ಅಷ್ಟಕ್ಕೇ ಕುಸಿದುಹೋಗುತ್ತಾನೆ. ನಮ್ಮಲ್ಲಿ ಕಾಯಿಸುವುದು ಮಳೆ. ಮಲೆನಾಡಿನವರು ಇದಕ್ಕೆಂದೇ ಅಟ್ಟದ ಮೇಲೆ ಒಣಸೌದೆ ಇಟ್ಟಿರುತ್ತಾರೆ. ತೋಟದ ಮೂಲೆಯಲ್ಲಿ ಗೂಟ ನೆಟ್ಟು ಮೇಲೆ ತಗಡು ಹೊದಿಸಿ, ಮಳೆ ಒಂದು ಗಳಿಗೆ ಬಿಡಲಿ ಎಂದು ಎಲ್ಲರೂ ಜಗಲಿಯಲ್ಲಿ ನಿಂತಿದ್ದೆವು. ಚಿಕ್ಕಪ್ಪ ಬಂದಿದ್ದರು. ನೆನೆಯುತ್ತಲೇ ಗೂಟ ಬಿಗಿದವರು ಅವರು. ಹಾಲುತುಪ್ಪಕ್ಕೂ ಇದ್ದರು, ತಿಥಿಗೂ ಬಂದರು. ಕೆರೆ ಕಡೆಯ ದಾರಿ ಮಾತ್ರ ತುಳಿಯಲಿಲ್ಲ, ತಿಥಿಯ ರಾತ್ರಿ ಇರಲೂ ಇಲ್ಲ. ತಾನು ಬಂದಿದ್ದೇನೆಂದು ಚಿಕ್ಕಮ್ಮ ಬರುವುದು ಬಿಟ್ಟರೇನೋ ಎಂದು ಒಮ್ಮೆ ಕೇಳಿದರು, ಅಷ್ಟೇ. ಸಿನಿಮಾದಲ್ಲಿ ಲೀಯ ಮಾಜಿ ಹೆಂಡತಿ ರ‍್ಯಾಂಡಿ ಬೀದಿಯಲ್ಲಿ ಎದುರಾಗಿ, ಅಂದು ನಿನಗೆ ಆಡಬಾರದ್ದು ಆಡಿದೆ ಎಂದು ಅಳುತ್ತ ಕ್ಷಮೆ ಕೇಳುತ್ತಾಳೆ. ಲೀಗೆ ನಿಂತು ಕೇಳಲೂ ಆಗುವುದಿಲ್ಲ. ಮಿಶೆಲ್ ವಿಲಿಯಮ್ಸ್ ಅದನ್ನು ಹೇಗೆ ಮಾಡಿದ್ದಾರೆಂದರೆ, ಅರ್ಧರ್ಧಕ್ಕೇ ನಿಲ್ಲುವ ಆ ಮಾತುಗಳನ್ನು ಸುಮ್ಮನೆ ಓದಿದರೆ ಏನೂ ತಿಳಿಯದು, ನೋಡಲೇಬೇಕು. ನಮ್ಮ ಮನೆಯಲ್ಲಿ ಅಂಥ ಭೇಟಿ ಆಗಲೇ ಇಲ್ಲ.

ತಿಥಿ ಮುಗಿದ ಮೇಲೆ ನನ್ನ ಕೆಲಸ ಶುರುವಾಯಿತು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆಗೆ ಅರ್ಜಿ, ನಾಡಕಚೇರಿಯ ಸಾಲು. ಅಲ್ಲಿಯೂ ಪರಿಚಯದವರು ಅದೇ ಸಲಹೆ ಕೊಟ್ಟರು, ಇದೇ ಸಮಯ, ಚಿಕ್ಕಪ್ಪನ ಕೈಲಿ ಬರೆಸಿಬಿಡಿ, ಅವರೂ ಒಪ್ಪುತ್ತಾರೆ, ನಾಳೆ ನಿಮಗೇ ತೊಂದರೆ. ಬೇಡ ಎಂದೆ. ಅಪ್ಪನ ಜಾಗಕ್ಕೆ ಅಮ್ಮನ ಹೆಸರು, ನನ್ನ ಹೆಸರು ಬಂದವು. ಚಿಕ್ಕಪ್ಪನದು ಇದ್ದಲ್ಲೇ ಇದೆ. ಈಗ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಹಾಸನಕ್ಕೆ ಹೋಗುವುದು ನಾನು.

ಈ ಸಿನಿಮಾದಲ್ಲಿ ಭರವಸೆಯೇ ಇಲ್ಲ, ಬರೀ ಕತ್ತಲು ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ. ನಿಜ, ಲೀ ಗುಣವಾಗುವುದಿಲ್ಲ. ಪ್ಯಾಟ್ರಿಕ್ ಕೇಳುವ ಪ್ರಶ್ನೆಯಲ್ಲಿ ನ್ಯಾಯವಿದೆ: ನನ್ನ ಶಾಲೆ, ಸ್ನೇಹಿತರು, ಆಟ, ಬ್ಯಾಂಡು ಎಲ್ಲ ಇಲ್ಲಿದೆ, ನಿನ್ನ ಕೆಲಸ ಯಾವ ಊರಲ್ಲಾದರೂ ಸಿಗುತ್ತದೆ, ನೀನೇ ಇಲ್ಲಿಗೆ ಬಂದರೇನು? ಲೀ ಪ್ರಯತ್ನಿಸುತ್ತಾನೆ. ಒಂದು ರಾತ್ರಿ ಒಲೆಯ ಮೇಲೆ ಅಡುಗೆ ಇಟ್ಟು ನಿದ್ದೆ ಹೋಗುತ್ತಾನೆ. ಕನಸಿನಲ್ಲಿ ಸತ್ತ ಮಗಳು ಪಕ್ಕದಲ್ಲಿ ಕೂತು, ಅಪ್ಪಾ ನಾವು ಸುಡುತ್ತಿರುವುದು ಕಾಣುವುದಿಲ್ಲವೇ ಎಂದು ಕೇಳುತ್ತಾಳೆ. ಎಚ್ಚರವಾದಾಗ ಮನೆ ತುಂಬ ಹೊಗೆ. ಅಂದೇ ಅವನಿಗೆ ತಿಳಿಯುತ್ತದೆ. ಆಮೇಲೆ ಹುಡುಗನಿಗೆ ಹೇಳುತ್ತಾನೆ, ನನ್ನಿಂದ ಇದನ್ನು ಗೆಲ್ಲಲು ಆಗುತ್ತಿಲ್ಲ ಎಂದು.

ಒಬ್ಬ ಗಂಡಸು ಹೀಗೆ ಹೇಳಿ, ಸಿನಿಮಾ ಅದನ್ನು ಹೇಡಿತನ ಎನ್ನದೆ ಬಿಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮ ಚಿತ್ರಗಳಲ್ಲಿ ಇಷ್ಟು ಹೊತ್ತಿಗೆ ಒಂದು ಮಗು ನಕ್ಕಿರುತ್ತದೆ, ಹಾಡು ಬಂದಿರುತ್ತದೆ, ಅವನು ಗಡ್ಡ ಬೋಳಿಸಿಕೊಂಡಿರುತ್ತಾನೆ. ನಿಜವಾದ ಮನೆಗಳಲ್ಲೂ ನಾವು ಅದನ್ನೇ ಕಾಯುತ್ತೇವೆ, ಬರದಿದ್ದರೆ ಆ ಮನುಷ್ಯನ ಮೇಲೆ ಬೇಜಾರು ಮಾಡಿಕೊಳ್ಳುತ್ತೇವೆ. ಆದರೆ ಲೀ ಸುಮ್ಮನೆ ಕೈಕೊಡವಿ ಹೋಗುವುದಿಲ್ಲ ನೋಡಿ. ಅಣ್ಣನ ಸ್ನೇಹಿತ ಜಾರ್ಜ್ ಮನೆಯವರು ಹುಡುಗನನ್ನು ತಮ್ಮವನಾಗಿ ಮಾಡಿಕೊಳ್ಳುವಂತೆ ಏರ್ಪಾಡು ಮಾಡುತ್ತಾನೆ. ಹುಡುಗನಿಗೆ ಜೀವವಾಗಿರುವ ಅಪ್ಪನ ದೋಣಿಯನ್ನು ಮಾರಬೇಕಾದ ಸ್ಥಿತಿ ಬಂದಾಗ, ಅಣ್ಣನ ಬಂದೂಕುಗಳನ್ನು ಮಾರಿ ಹೊಸ ಇಂಜಿನ್ ಹಾಕಿಸುತ್ತಾನೆ. ಬಾಸ್ಟನ್‌ನಲ್ಲಿ ಬೇರೆ ಮನೆ ಹುಡುಕುತ್ತೇನೆ, ಅದರಲ್ಲಿ ಇನ್ನೊಂದು ಕೋಣೆ ಇರಬೇಕು ಎನ್ನುತ್ತಾನೆ. ಯಾಕೆ ಎಂದರೆ, ನೀನು ಬಂದರೆ ಇರಲು. ಅಣ್ಣ ಕುರ್ಚಿ ಮೇಜಿಗೆ ಜಗಳವಾಡಿದಾಗ ಬೇಡ ಎಂದಿದ್ದವನ ಬಾಯಲ್ಲಿ ಈಗ ಇನ್ನೊಬ್ಬರಿಗಾಗಿ ಒಂದು ಕೋಣೆ. ಎರಡನೇ ಅವಕಾಶ ಇಷ್ಟೇ ಅಳತೆಯಲ್ಲಿ ಬಂದರೂ ಬಂತೇ. ಅಣ್ಣ ಬರೆದಿಟ್ಟ ಕಾಗದ ಹೇಳಿದಂತೆ ನಡೆಯಲಿಲ್ಲ, ಆದರೆ ಅದು ಇಲ್ಲದಿದ್ದರೆ ಲೀ ಆ ಊರಲ್ಲಿ ಒಂದು ವಾರವೂ ನಿಲ್ಲುತ್ತಿರಲಿಲ್ಲ.

ಅಮ್ಮನಿಗೂ ಈ ಸಿನಿಮಾ ತೋರಿಸಿದೆ. ಮೊಬೈಲನ್ನು ಟಿವಿಗೆ ಜೋಡಿಸಿ, ಮಾತುಗಳನ್ನು ಒಂದೊಂದೇ ಕನ್ನಡದಲ್ಲಿ ಹೇಳುತ್ತ ಹೋದೆ. ಬೆಂಕಿಯ ದೃಶ್ಯದಲ್ಲಿ ನಿಲ್ಲಿಸಲಾ ಎಂದು ಕೇಳಿದೆ, ಬೇಡ ಎಂದರು. ಕೊನೆಯಲ್ಲಿ ಅವರು ಕೇಳಿದ್ದು, “ಹಂಗಾದ್ರೆ ಆ ಹುಡುಗ ಇನ್ಮೇಲೆ ಊಟ ಯಾರ ಮನೇಲಿ ಮಾಡ್ತಾನೆ?”

“ಅವರಪ್ಪನ ಸ್ನೇಹಿತರ ಮನೇಲಿ ಕಣಮ್ಮ. ಒಳ್ಳೆಯವರು.”

“ಒಳ್ಳೆಯವರೇ ಇರಬೋದು. ಇವನು ಇರಬೇಕಿತ್ತು.”

ಅವನ ಕೈಲಿ ಆಗಲಿಲ್ಲವಲ್ಲ, ಇದ್ದಿದ್ದರೆ ಇಬ್ಬರೂ ಹಾಳಾಗುತ್ತಿದ್ದರು ಎಂದೆ. ಆಗದಿದ್ದರೂ ಇರಬೇಕಿತ್ತು, ಹುಡುಗ ಬಾಯಿಬಿಟ್ಟು ಕೇಳಿದ ಮೇಲೆ ಇರಬೇಕಿತ್ತು ಎಂದರು. ಅವರು ಯಾರ ಬಗ್ಗೆ ಹೇಳುತ್ತಿದ್ದಾರೆಂದು ನನಗೆ ಗೊತ್ತು. ಅಪ್ಪನ ಕೊನೆಯ ದಿನಗಳಲ್ಲಿ ಚಿಕ್ಕಪ್ಪ ಬಂದು ಜೊತೆಗಿರಲಿ ಎಂದು ಕೇಳಿ ಫೋನ್ ಮಾಡಿದ್ದವರು ಅವರೇ. ಲೀ ಹೋದದ್ದೇ ಸರಿ ಎಂದು ನಾನು ಈಗಲೂ ಹೇಳುತ್ತೇನೆ. ಅಮ್ಮ ಒಪ್ಪಿಲ್ಲ.